ಹೊಸ ಕಾರ್ಡ್ ಹಾಕಿದ ಮೇಲೆ ವಿಮಾನಗಳೇ ಕಡಿಮೆಯಾಗಿವೆ: ರಿಸೀವರ್ ಅಪ್‌ಗ್ರೇಡ್ ಮಾಡಿದವರು ದಯವಿಟ್ಟು ನೋಡಿ

ಮಹಡಿ_ಆಂಟೆನಾ

ಎಲ್ಲರಿಗೂ ನಮಸ್ಕಾರ. ವಿಮಾನಗಳು ಕಳಿಸುವ ರೇಡಿಯೋ ಸಂದೇಶಗಳನ್ನು ಮನೆಯಲ್ಲೇ ಹಿಡಿದು, ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಜಾಲತಾಣಕ್ಕೆ ಕಳಿಸುವ ರಿಸೀವರ್ ನನ್ನದು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ವಿವರ ಬಿಟ್ಟರೆ ನಿಮಗೂ ಕಾರಣ ಹುಡುಕೋದು ಕಷ್ಟ.

ರಾಸ್ಪ್‌ಬೆರಿ ಪೈ 3ಬಿ ಪ್ಲಸ್ ಎಂಬ ಪುಟ್ಟ ಕಂಪ್ಯೂಟರ್, ಜೊತೆಗೆ ಯುಎಸ್‌ಬಿಗೆ ಚುಚ್ಚುವ ಒಂದು ಆರ್‌ಟಿಎಲ್-ಎಸ್‌ಡಿಆರ್ ರೇಡಿಯೋ ಡಾಂಗಲ್. ಮಹಡಿಯಲ್ಲಿ 1090 ಮೆಗಾಹರ್ಟ್ಸ್ ಆಂಟೆನಾ. ಅದರ ಬುಡದಲ್ಲೇ ಫಿಲ್ಟರ್ ಇರುವ ಎಲ್‌ಎನ್‌ಎ, ಅಂದರೆ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್. ಅಲ್ಲಿಂದ ಕೆಳಗೆ 12 ಮೀಟರ್ ಆರ್‌ಜಿ-6 ಕೇಬಲ್. ಲಿನಕ್ಸಿನ ಡೆಬಿಯನ್ 10, ಅಂದರೆ ಬಸ್ಟರ್ ಆವೃತ್ತಿಯ ಮೇಲೆ ಸಂದೇಶ ಬಿಡಿಸುವ ಡಂಪ್1090-ಎಫ್‌ಎ ಮತ್ತು ಅವನ್ನು ಜಾಲತಾಣಕ್ಕೆ ಕಳಿಸುವ ಪೈಅವೇರ್ ಐದು ವರ್ಷ ಯಾವ ತಕರಾರೂ ಇಲ್ಲದೆ ಓಡಿದವು.

ಹೋದ ವಾರ ಆಪ್ಟ್ ಅಪ್‌ಡೇಟ್ ಕೊಟ್ಟೆ. ಕಡತ ಸಿಗುತ್ತಿಲ್ಲ, 404 ಎಂದು ಸಾಲುಸಾಲಾಗಿ ಬಂತು. ಬಸ್ಟರ್‌ಗೆ ಇದ್ದ ದೀರ್ಘಾವಧಿ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ ಎಂದು ಆಗ ಗೊತ್ತಾಯಿತು. ಸರಿ ಎಂದು ಹೊಸ ಎಸ್‌ಡಿ ಕಾರ್ಡಿಗೆ 64 ಬಿಟ್ ಬುಕ್‌ವರ್ಮ್, ಅಂದರೆ ಡೆಬಿಯನ್ 12, ಬರೆದು, ಎಲ್ಲವನ್ನೂ ಮೊದಲಿನಿಂದ ಹಾಕಿದೆ. ಹಳೆ ಕಾರ್ಡ್ ಹಾಗೇ ಎತ್ತಿಟ್ಟಿದ್ದೇನೆ.

ಈಗ ಎಲ್ಲ ಸರ್ವಿಸ್‌ಗಳೂ ಹಸಿರು ತೋರಿಸುತ್ತಿವೆ. ಎಲ್ಲೂ ಎರರ್ ಇಲ್ಲ. ಆದರೆ ಮೊದಲು ಸಂಜೆ ಹೊತ್ತಿನಲ್ಲಿ ಸೆಕೆಂಡಿಗೆ ಸುಮಾರು 1,100 ಸಂದೇಶ, 120 ವಿಮಾನ, 390 ಕಿ.ಮೀ. ದೂರ ಸಿಗುತ್ತಿತ್ತು. ಈಗ 140 ಸಂದೇಶ, 25 ವಿಮಾನ, 110 ಕಿ.ಮೀ. ಅಷ್ಟೆ. ಜೊತೆಗೆ ನನ್ನ ಖಾತೆಯಲ್ಲಿ ಎರಡು ರಿಸೀವರ್ ಕಾಣುತ್ತಿವೆ. ಹಲವು ರಿಸೀವರ್‌ಗಳು ಸೇರಿ ವಿಮಾನದ ಜಾಗ ಲೆಕ್ಕ ಹಾಕುವ ಎಂಎಲ್‌ಎಟಿ ಕೂಡ ಕೆಲಸ ಮಾಡುತ್ತಿಲ್ಲ.

ಆಂಟೆನಾ, ಕೇಬಲ್ ಯಾವುದನ್ನೂ ಮುಟ್ಟಿಲ್ಲ. ಬದಲಾಗಿದ್ದು ಕಾರ್ಡ್ ಒಂದೇ. ಎಲ್ಲಿಂದ ಶುರು ಮಾಡಲಿ?

ಹಳೇಪೈ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಓಡುತ್ತಿರುವುದನ್ನು ಯಾಕೆ ಮುಟ್ಟಬೇಕಿತ್ತು? ನನ್ನದೂ ಬಸ್ಟರ್. ಮನೆಯ ರೂಟರ್ ಹಿಂದೆ ಕೂತಿದೆ, ಹೊರಗಿನಿಂದ ಯಾರೂ ಒಳಗೆ ಬರುವ ಹಾಗಿಲ್ಲ. ವಿಮಾನಗಳು ಕಳಿಸುವ ಸಂದೇಶವೇನೂ ಬದಲಾಗಿಲ್ಲ. ಅದೇ 112 ಬಿಟ್, ಅದೇ 1090. ಹಳೆ ಕಾರ್ಡ್ ವಾಪಸ್ ಹಾಕಿ, ನೆಮ್ಮದಿಯಾಗಿರಿ.

ಟರ್ಮಿನಲ್_ಗೆಳತಿ

ಹಳೇಪೈ ಅವರೇ, ಸಂದೇಶ ಬದಲಾಗಿಲ್ಲ ನಿಜ. ಆದರೆ ಆ ಪೆಟ್ಟಿಗೆ ಸುಮ್ನೆ ಕೇಳಿಸಿಕೊಂಡು ಕೂರುವುದಿಲ್ಲ ಅಲ್ವಾ? ದಿನವಿಡೀ ಹೊರಗಿನ ಸರ್ವರ್‌ಗಳ ಜೊತೆ ಮಾತಾಡುತ್ತಿರುತ್ತದೆ. 2021ರ ಸೆಪ್ಟೆಂಬರ್ 30ರಂದು ಜಾಲತಾಣಗಳ ಸುರಕ್ಷಿತ ಸಂಪರ್ಕಕ್ಕೆ ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟುಗಳಿಗೆ ಆಧಾರವಾಗಿದ್ದ ಹಳೆಯ ರೂಟ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಅಪ್‌ಡೇಟ್ ಕಾಣದ ಎಷ್ಟೋ ಯಂತ್ರಗಳಿಗೆ ಅವತ್ತು ರಾತ್ರೋರಾತ್ರಿ ಸುರಕ್ಷಿತ ಸಂಪರ್ಕವೇ ಸಿಗದಂತಾಯಿತು. ರೂಟರ್ ಹಿಂದೆ ಇದ್ದರೂ ಇಂಥದ್ದು ತಪ್ಪುವುದಿಲ್ಲ. ಒಂದು ದಿನ ಬಲವಂತವಾಗಿ ಅಪ್‌ಗ್ರೇಡ್ ಮಾಡುವ ಬದಲು, ನಮಗೆ ಪುರುಸೊತ್ತು ಇರುವಾಗ ಮಾಡಿಕೊಳ್ಳುವುದು ಒಳ್ಳೆಯದು.

ಮಹಡಿ ಅವರೇ, ಹೊಸ ಕಾರ್ಡಿನಲ್ಲಿ ಮೊದಲಿನಿಂದ ಹಾಕಿದ್ದು ಸರಿಯಾದ ದಾರಿ. ಬಸ್ಟರ್‌ನಿಂದ ಬುಲ್ಸ್‌ಐ, ಅಲ್ಲಿಂದ ಬುಕ್‌ವರ್ಮ್ ಎಂದು ಅದೇ ಕಾರ್ಡಿನಲ್ಲಿ ಹತ್ತಿಸುತ್ತಾ ಹೋಗುವುದನ್ನು ರಾಸ್ಪ್‌ಬೆರಿ ಪೈನವರೂ ಒಪ್ಪುವುದಿಲ್ಲ. ಹಳೆ ಕಾರ್ಡ್ ಇಟ್ಟುಕೊಂಡಿದ್ದು ಅದಕ್ಕಿಂತ ಒಳ್ಳೆಯದಾಯಿತು.

ಎರಡು ರಿಸೀವರ್ ಕಾಣುವುದಕ್ಕೆ ಕಾರಣ ಸುಲಭ. ಪ್ರತಿ ರಿಸೀವರ್‌ಗೂ 36 ಅಕ್ಷರದ ಒಂದು ಗುರುತು ಇರುತ್ತದೆ. ಅದು ಹಳೆ ಕಾರ್ಡಿನಲ್ಲೇ ಉಳಿದಿದೆ. ಹೊಸ ಕಾರ್ಡ್ ಹೊಸ ಗುರುತು ಪಡೆದುಕೊಂಡಿದೆ, ಹಾಗಾಗಿ ನಿಮ್ಮನ್ನು ಹೊಸಬರೆಂದು ಸರ್ವರ್ ಲೆಕ್ಕ ಹಿಡಿದಿದೆ. ಹಳೆ ಕಾರ್ಡನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ. ವಾರ್ ಫೋಲ್ಡರ್, ಅದರೊಳಗೆ ಕ್ಯಾಶ್, ಅದರೊಳಗೆ ಪೈಅವೇರ್ ತೆರೆದರೆ ಫೀಡರ್ ಐಡಿ ಎಂಬ ಪುಟ್ಟ ಕಡತ ಸಿಗುತ್ತದೆ. ಅದರಲ್ಲಿರುವುದನ್ನು ಪೈಅವೇರ್-ಕಾನ್ಫಿಗ್ ಮೂಲಕ ಹೊಸದಕ್ಕೆ ಕೊಟ್ಟು ರೀಸ್ಟಾರ್ಟ್ ಮಾಡಿ. ಹಳೆ ದಾಖಲೆಗಳೆಲ್ಲ ಮತ್ತೆ ನಿಮ್ಮ ಹೆಸರಿಗೆ ಬರುತ್ತವೆ. ಒಂದೇ ಗುರುತಿನಲ್ಲಿ ಎರಡು ಪೈ ಒಟ್ಟಿಗೆ ಓಡಿಸಬೇಡಿ. ಆ ಗುರುತನ್ನು ಇಲ್ಲಿ ಹಾಕಲೂಬೇಡಿ.

ಹೊಸಬ_1090

ಮಧ್ಯದಲ್ಲಿ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನಾನೂ ಇದೇ ವಾರ ಬುಕ್‌ವರ್ಮ್ ಹಾಕಿದೆ, ನನ್ನದು ವೈಫೈಗೇ ಸೇರುತ್ತಿಲ್ಲ. ಹಳೆಯ ಬರಹವೊಂದನ್ನು ನೋಡಿ ವೈಫೈ ವಿವರ ಇರುವ ಡಬ್ಲ್ಯೂಪಿಎ ಸಪ್ಲಿಕೆಂಟ್ ಕಡತವನ್ನು ಬೂಟ್ ಫೋಲ್ಡರಿಗೆ ಹಾಕಿದ್ದೆ.

ಟರ್ಮಿನಲ್_ಗೆಳತಿ

ಆ ವಿಧಾನ ಬುಕ್‌ವರ್ಮ್‌ನಲ್ಲಿ ನಡೆಯುವುದಿಲ್ಲ. ಈಗ ನೆಟ್‌ವರ್ಕ್ ಮ್ಯಾನೇಜರ್ ಬಂದಿದೆ, ಆ ಕಡತವನ್ನು ಅದು ನೋಡುವುದೇ ಇಲ್ಲ. ಕಾರ್ಡ್ ಬರೆಯುವಾಗಲೇ ಇಮೇಜರ್‌ನಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ತುಂಬಿ. ಹಾಗೇ ಯೂಸರ್ ಹೆಸರೂ ಕೊಡಿ. ಪೈ ಎಂಬ ಹೆಸರಿನ ಸಿದ್ಧ ಯೂಸರ್ 2022ರ ಏಪ್ರಿಲ್‌ನಿಂದ ಇಲ್ಲ. ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಆನ್ ಮಾಡುವುದನ್ನೂ ಮರೆಯಬೇಡಿ. ಇನ್ನೊಂದು ಮಾತು: ಬೂಟ್‌ನಲ್ಲಿದ್ದ ಕಾನ್ಫಿಗ್ ಕಡತಗಳು ಈಗ ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿವೆ. ಹಳೆ ಬರಹಗಳನ್ನು ಓದುವಾಗ ಇದು ನೆನಪಿರಲಿ.

ಗಗನಕಿವಿ

ಮಹಡಿ ಸರ್, ದೂರ ಕಡಿಮೆಯಾದ ವಿಷಯಕ್ಕೆ ಬರೋಣ. ನಿಮ್ಮ ಹಳೆ 390 ಕಿ.ಮೀ. ಒಳ್ಳೆಯ ಅಂಕಿ. ಆಂಟೆನಾ 10 ಮೀಟರ್ ಎತ್ತರದಲ್ಲಿದ್ದು, ವಿಮಾನ 35,000 ಅಡಿಯಲ್ಲಿದ್ದರೆ, ಭೂಮಿಯ ಗುಂಡಗಿನ ಲೆಕ್ಕದಲ್ಲಿ ಹೆಚ್ಚೆಂದರೆ ಸುಮಾರು 440 ಕಿ.ಮೀ. ಕಾಣಬೇಕು. ನೀವು ಅದರ ಹತ್ತಿರವೇ ಇದ್ದಿರಿ. ಅಂದರೆ ಆಂಟೆನಾ ಜಾಗ ಚೆನ್ನಾಗಿದೆ. ಈಗಿನ 110 ಕಿ.ಮೀ. ಯಾವ ಲೆಕ್ಕಕ್ಕೂ ಬರುವುದಿಲ್ಲ.

ನನಗೆ ಮೊದಲು ಅನುಮಾನ ಬರುವುದು ಗೇನ್, ಅಂದರೆ ಡಾಂಗಲ್ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣದ ಮೇಲೆ. ಹಳೆಯದರಲ್ಲಿ ಎಷ್ಟು ಇಟ್ಟಿದ್ದಿರಿ? ಎಲ್‌ಎನ್‌ಎ ಇರುವವರು ಸಾಮಾನ್ಯವಾಗಿ ಗೇನ್ ಇಳಿಸಿರುತ್ತಾರೆ. ಹೊಸ ಇನ್‌ಸ್ಟಾಲ್‌ನಲ್ಲಿ ಅದು ಮತ್ತೆ ಮೇಲಕ್ಕೆ ಹೋಗಿದ್ದರೆ ಹತ್ತಿರದ ವಿಮಾನಗಳ ಸಿಗ್ನಲ್ ಜಾಸ್ತಿಯಾಗಿ ಡಾಂಗಲ್ ಉಸಿರು ಕಟ್ಟಿದಂತಾಗುತ್ತದೆ. ಆಗ ದೂರದವೂ ಕೇಳಿಸುವುದಿಲ್ಲ. ಮೈನಸ್ 3 ಡೆಸಿಬೆಲ್‌ಗಿಂತ ಜೋರಾದ ಸಂದೇಶಗಳು ಶೇಕಡಾ ಎಷ್ಟಿವೆ, ನಾಯ್ಸ್, ಅಂದರೆ ಹಿನ್ನೆಲೆ ಸದ್ದು, ಎಷ್ಟಿದೆ, ಹಳೆಯದರ ಜೊತೆ ಹೋಲಿಸಿ ಹೇಳಿ.

ಮಹಡಿ_ಆಂಟೆನಾ

ಗೆಳತಿ ಮೇಡಂ, ಗುರುತು ಸಿಕ್ಕಿತು, ಹಾಕಿದೆ. ಖಾತೆಯಲ್ಲಿ ಹಳೆ ರಿಸೀವರ್ ಮತ್ತೆ ಜೀವಂತವಾಗಿದೆ. ಐದು ವರ್ಷದ ದಾಖಲೆ ಹೋಗಿಯೇಬಿಟ್ಟಿತು ಎಂದುಕೊಂಡಿದ್ದೆ. ತುಂಬಾ ಧನ್ಯವಾದ.

ಗಗನಕಿವಿ ಅವರೇ, ಹಳೆ ಕಾರ್ಡಿನಲ್ಲಿ ಗೇನ್ 38.6 ಇತ್ತು. ಹೊಸದರಲ್ಲಿ ಅಡಾಪ್ಟಿವ್ ಗೇನ್ ಆನ್ ಮಾಡಿದ್ದೇನೆ, ಅದು ತಾನೇ ಏರಿಸಿಕೊಂಡು 49.6ರಲ್ಲಿ ನಿಂತಿದೆ. ಆದರೆ ಜೋರಾದ ಸಂದೇಶಗಳು ಸೊನ್ನೆ. ಹಳೆಯದರಲ್ಲಿ ಶೇಕಡಾ 4 ಇದ್ದವು. ನಾಯ್ಸ್ ಹಳೆಯ ಗ್ರಾಫಿನ ಚಿತ್ರದಲ್ಲಿ ಮೈನಸ್ 27 ಆಸುಪಾಸು ಇದೆ, ಈಗ ಮೈನಸ್ 36. ನಾಯ್ಸ್ ಕಡಿಮೆಯಾಗಿದ್ದು ಒಳ್ಳೆಯದೇ ಅಲ್ವಾ?

ಗಗನಕಿವಿ

ಒಳ್ಳೆಯದಲ್ಲ ಸರ್. ನನ್ನ ಅನುಮಾನ ತಪ್ಪು ಎಂದು ಇದೇ ಹೇಳುತ್ತಿದೆ. ಗೇನ್ ಜಾಸ್ತಿಯಾಗಿದ್ದರೆ ನಾಯ್ಸೂ ಏರಬೇಕಿತ್ತು, ಜೋರಾದ ಸಂದೇಶಗಳೂ ಏರಬೇಕಿತ್ತು. ನಿಮ್ಮಲ್ಲಿ ಎರಡೂ ಬಿದ್ದಿವೆ, ಅದೂ ಗೇನ್ 11 ಡೆಸಿಬೆಲ್ ಮೇಲೆ ಹೋದ ನಂತರ. ಡಾಂಗಲ್ ಒಳಗೆ ಬರುವ ಸಿಗ್ನಲ್ಲೇ ಕುಗ್ಗಿದೆ.

ಟರ್ಮಿನಲ್_ಗೆಳತಿ

ರೇಡಿಯೋ ಭಾಗ ನೀವಿಬ್ಬರು ನೋಡಿ. ಸಾಫ್ಟ್‌ವೇರ್ ಕಡೆಯಿಂದ ಎರಡು ಅನುಮಾನ ತೆಗೆದುಹಾಕಿಬಿಡೋಣ. ಒಂದು, ಕರ್ನಲ್‌ನ ಟಿವಿ ಡ್ರೈವರ್. ಈ ಡಾಂಗಲ್ ಮೂಲತಃ ಡಿಜಿಟಲ್ ಟಿವಿ ನೋಡಲು ಮಾಡಿದ್ದಲ್ವಾ, ಲಿನಕ್ಸ್ ಅದನ್ನು ಟಿವಿ ಎಂದೇ ಹಿಡಿದುಕೊಳ್ಳುತ್ತದೆ. ಹಾಗಾದರೆ ಯುಎಸ್‌ಬಿ ಕ್ಲೇಮ್ ಎರರ್ ಮೈನಸ್ 6 ಎಂದು ಬಂದು ಒಂದು ಸಂದೇಶವೂ ಸಿಗುವುದಿಲ್ಲ. ನಿಮಗೆ 140 ಸಿಗುತ್ತಿವೆ, ಹಾಗಾಗಿ ಅದಲ್ಲ.

ಎರಡು, ವೋಲ್ಟೇಜ್. ವಿಸಿಜೆನ್‌ಸಿಎಂಡಿ ಗೆಟ್ ಥ್ರಾಟಲ್ಡ್ ಎಂಬ ಆಜ್ಞೆ ಕೊಟ್ಟು ಏನು ಬರುತ್ತದೆ ಹೇಳಿ. ಬರೀ ಸೊನ್ನೆ ಬಂದರೆ ಸರಿ. 50000 ಬಂದರೆ ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದು ಪೈ ವೇಗ ತಗ್ಗಿಸಿಕೊಂಡಿದೆ ಎಂದರ್ಥ. 50005 ಬಂದರೆ ಈ ಕ್ಷಣವೂ ಬಿದ್ದಿದೆ.

ಮಹಡಿ_ಆಂಟೆನಾ

ಬರೀ ಸೊನ್ನೆ. ಪವರ್ ಸಪ್ಲೈ 5.1 ವೋಲ್ಟ್, 2.5 ಆಂಪ್ ಇರುವುದೇ.

ರೇಡಿಯೋ_ರಾಗ

ಈಗ ನೋಡಿದೆ. ಒಂದೇ ಪ್ರಶ್ನೆ. ಮಹಡಿಯ ಎಲ್‌ಎನ್‌ಎಗೆ ಕರೆಂಟ್ ಎಲ್ಲಿಂದ ಹೋಗುತ್ತಿದೆ? ಬೇರೆ ವೈರ್ ಇದೆಯಾ, ಅಥವಾ ಅದೇ ಆರ್‌ಜಿ-6 ಕೇಬಲಿನಲ್ಲಾ?

ಮಹಡಿ_ಆಂಟೆನಾ

ಬೇರೆ ವೈರ್ ಇಲ್ಲ. ಕೇಬಲಿನಲ್ಲೇ ಹೋಗುತ್ತಿರಬೇಕು. ಐದು ವರ್ಷದ ಹಿಂದೆ ಗೆಳೆಯರೊಬ್ಬರು ಬಂದು ಕೂರಿಸಿಕೊಟ್ಟಿದ್ದು. ಅವತ್ತಿನಿಂದ ನಾನು ಅದರ ಬಗ್ಗೆ ಯೋಚಿಸಿಯೇ ಇಲ್ಲ.

ರೇಡಿಯೋ_ರಾಗ

ಹಾಗಾದರೆ ಸಿಕ್ಕಿತು ಎಂದುಕೊಳ್ಳಿ. ನಿಮ್ಮ ಡಾಂಗಲಿನಲ್ಲಿ ಬಯಾಸ್ ಟೀ ಇರಬೇಕು. ಅದು ಸುಮಾರು 4.5 ವೋಲ್ಟನ್ನು ಕೇಬಲಿನ ನಡುವಿನ ತಂತಿಗೆ ಹತ್ತಿಸಿ ಮೇಲಕ್ಕೆ ಕಳಿಸುತ್ತದೆ. ಅದೇ ತಂತಿಯಲ್ಲಿ ಸಿಗ್ನಲ್ ಕೆಳಗೆ ಬರುತ್ತದೆ. ಈ ಸ್ವಿಚ್ ಡಾಂಗಲ್ ಒಳಗೆ ಇದ್ದರೂ ಅದನ್ನು ಆನ್ ಮಾಡಬೇಕಾದ್ದು ಸಾಫ್ಟ್‌ವೇರ್. ಡಾಂಗಲಿಗೆ ಪವರ್ ಇರುವಷ್ಟು ಹೊತ್ತು ಆನ್ ಆಗಿಯೇ ಇರುತ್ತದೆ. ಒಮ್ಮೆ ಪವರ್ ತೆಗೆದರೆ ಆಫ್. ಮತ್ತೆ ಯಾರಾದರೂ ಹೇಳಬೇಕು.

ನಿಮ್ಮ ಗೆಳೆಯರು ಹಳೆ ಕಾರ್ಡಿನಲ್ಲಿ ಬೂಟ್ ಆದಾಗಲೆಲ್ಲ ಅದನ್ನು ಆನ್ ಮಾಡುವ ಒಂದು ಸಾಲು ಬರೆದಿಟ್ಟಿರುತ್ತಾರೆ. ಹೊಸ ಕಾರ್ಡಿನಲ್ಲಿ ಆ ಸಾಲು ಇಲ್ಲ. ಪವರ್ ಇಲ್ಲದ ಎಲ್‌ಎನ್‌ಎ ಸಿಗ್ನಲನ್ನು ಹಿಗ್ಗಿಸುವುದಿಲ್ಲ, ಅಷ್ಟೇ ಅಲ್ಲ, ದಾರಿಗೆ ಅಡ್ಡ ನಿಲ್ಲುತ್ತದೆ. ಅದನ್ನು ಬಿಚ್ಚಿ ಕೇಬಲನ್ನು ನೇರ ಆಂಟೆನಾಗೆ ಹಾಕಿದರೂ ಈಗಿರುವುದಕ್ಕಿಂತ ಚೆನ್ನಾಗಿ ಬರುತ್ತದೆ. 12 ಮೀಟರ್ ಆರ್‌ಜಿ-6ನಲ್ಲಿ ಕಳೆಯುವುದು ಎರಡು ಮೂರು ಡೆಸಿಬೆಲ್ ಮಾತ್ರ. ನಿಮ್ಮ ನಾಯ್ಸ್ ಬಿದ್ದಿದ್ದೂ ಇದಕ್ಕೇ. ಎಲ್‌ಎನ್‌ಎ ಜೀವಂತ ಇದ್ದರೆ ತನ್ನದೂ ಸ್ವಲ್ಪ ಸದ್ದು ಸೇರಿಸಿ ಕಳಿಸುತ್ತದೆ, ಈಗ ಅದು ಸುಮ್ಮನಿದೆ.

ಹಳೆ ಕಾರ್ಡಿನಲ್ಲಿ ಇಟಿಸಿ ಒಳಗೆ ಆರ್‌ಸಿ ಡಾಟ್ ಲೋಕಲ್ ಕಡತ ತೆರೆದು ನೋಡಿ.

ಮಹಡಿ_ಆಂಟೆನಾ

ಇದೆ! ಕೊನೆಯಿಂದ ಎರಡನೇ ಸಾಲು. ಆರ್‌ಟಿಎಲ್ ಬಯಾಸ್‌ಟಿ, ಬಿ, 1. ಅದರ ಮುಂದೆ ಒಂದು ವಿವರಣೆಯೂ ಇಲ್ಲ. ಎಕ್ಸಿಟ್ ಸೊನ್ನೆ ಸಾಲಿನ ಮೇಲೆ ಐದು ವರ್ಷದಿಂದ ಅಲ್ಲೇ ಕೂತಿದೆ.

ಈಗ ಹೊಸದರಲ್ಲಿ ಅದೇ ಆಜ್ಞೆ ಕೊಟ್ಟೆ. ಆದರೆ ಯುಎಸ್‌ಬಿ ಕ್ಲೇಮ್ ಎರರ್ ಮೈನಸ್ 6 ಬಂತು. ಮೇಡಂ ಹೇಳಿದ ಟಿವಿ ಡ್ರೈವರ್ ತಕರಾರಾ ಇದು?

ಟರ್ಮಿನಲ್_ಗೆಳತಿ

ಎರರ್ ಅದೇ, ಹಿಡಿದುಕೊಂಡಿರುವವರು ಬೇರೆ. ಒಂದು ಡಾಂಗಲನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ತೆರೆಯಬಹುದು. ಈಗ ಡಂಪ್1090 ಅದನ್ನು ಹಿಡಿದಿದೆ. ಅದನ್ನು ನಿಲ್ಲಿಸಿ, ಬಯಾಸ್ ಟೀ ಆನ್ ಮಾಡಿ, ಮತ್ತೆ ಶುರು ಮಾಡಿ.

ಇದು ಕೆಲಸ ಮಾಡಿದರೆ ಆರ್‌ಸಿ ಲೋಕಲ್‌ಗೆ ಸೇರಿಸಬೇಡಿ. ಅಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಗ್ಯಾರಂಟಿ ಇಲ್ಲ. ಡಂಪ್1090 ಸರ್ವಿಸ್‌ಗೆ ಒಂದು ಓವರ್‌ರೈಡ್ ಮಾಡಿ, ಎಕ್ಸೆಕ್ ಸ್ಟಾರ್ಟ್ ಪ್ರೀ ಎಂಬ ಸಾಲಿನಲ್ಲಿ ಈ ಆಜ್ಞೆ ಬರೆಯಿರಿ. ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಟ್ಟರೆ ಆ ಕಡತ ತಾನೇ ತೆರೆದುಕೊಳ್ಳುತ್ತದೆ. ಆಗ ಡಂಪ್1090 ಶುರುವಾಗುವ ಮುಂಚೆ ಪ್ರತಿ ಸಲವೂ ಅದು ಓಡುತ್ತದೆ. ಇದು ಪ್ಯಾಕೇಜಿನ ಸ್ವಂತ ಕಡತವಲ್ಲ, ಹಾಗಾಗಿ ಮುಂದಿನ ಅಪ್‌ಡೇಟ್ ಇದನ್ನು ಅಳಿಸುವುದಿಲ್ಲ. ಡಂಪ್1090 ಬದಲು ರೀಡ್ಸ್‌ಬಿ ಬಳಸುವವರಿಗೆ ಇದೂ ಬೇಕಿಲ್ಲ, ಬಯಾಸ್ ಟೀ ಆನ್ ಮಾಡುವ ಆಯ್ಕೆ ಅದರೊಳಗೇ ಇದೆ.

ರೇಡಿಯೋ_ರಾಗ

ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ. ಎಲ್‌ಎನ್‌ಎ ಇಲ್ಲದವರು ಸುಮ್ನೆ ಪರೀಕ್ಷೆಗೆಂದು ಬಯಾಸ್ ಟೀ ಆನ್ ಮಾಡಬೇಡಿ. ಎಷ್ಟೋ ಆಂಟೆನಾಗಳಲ್ಲಿ ನಡುವಿನ ತಂತಿ ಮತ್ತು ಹೊರಕವಚ ಡಿಸಿಗೆ ನೇರ ಶಾರ್ಟ್ ಆಗಿರುತ್ತವೆ. ಸಿಗ್ನಲಿಗೆ ಅದರಿಂದ ತೊಂದರೆ ಇಲ್ಲ, ಆದರೆ 4.5 ವೋಲ್ಟಿಗೆ ಅದು ಶಾರ್ಟ್ ಸರ್ಕ್ಯೂಟೇ. ಕೇಬಲ್ ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ. ಹಾಗೇ ವೋಲ್ಟೇಜ್ ಅಳೆಯುವಾಗ ಮೀಟರಿನ ಎರಡು ಕಡ್ಡಿಗಳೂ ಒಟ್ಟಿಗೆ ತಾಗದಂತೆ ನೋಡಿಕೊಳ್ಳಿ, ಡಾಂಗಲಿನ ಎಸ್‌ಎಂಎ ಕನೆಕ್ಟರಿನ ತುದಿ ತೀರಾ ಚಿಕ್ಕದು.

ಮಹಡಿ_ಆಂಟೆನಾ

ಆನ್ ಆಯಿತು. ಎರಡು ನಿಮಿಷದಲ್ಲಿ ನಕ್ಷೆ ತುಂಬಿಕೊಂಡಿತು. ಸೆಕೆಂಡಿಗೆ 980 ಸಂದೇಶ. ಒಂದೊಂದೇ ವಿಮಾನ ಅಂಚಿನಲ್ಲಿ ಮೂಡುವುದನ್ನು ನೋಡುತ್ತಾ ಕೂತುಬಿಟ್ಟೆ. ರಾಗ ಅವರೇ, ನಿಮ್ಮ ಆ ಒಂದು ಪ್ರಶ್ನೆಗೆ ನಾನು ಋಣಿ.

ಈಗ ಜೋರಾದ ಸಂದೇಶ ಶೇಕಡಾ 19 ತೋರಿಸುತ್ತಿದೆ. ಗೇನ್ 49.6ರಲ್ಲೇ ಇದೆ.

ಗಗನಕಿವಿ

ಈಗ ಬಂತು ನೋಡಿ ನನ್ನ ಮೊದಲ ಅನುಮಾನದ ಸರದಿ! ಅಡಾಪ್ಟಿವ್ ಗೇನ್ ತಾನೇ ಇಳಿಸಿಕೊಳ್ಳಬಹುದು, ಸ್ವಲ್ಪ ಹೊತ್ತು ಕೊಡಿ. ಇಳಿಯದಿದ್ದರೆ ನಿಮ್ಮ ಹಳೆ 38.6ನ್ನೇ ಹಾಕಿ. ಈ ಟ್ಯೂನರಿನ ಗೇನ್ ಮೆಟ್ಟಿಲು ಮೆಟ್ಟಿಲಾಗಿದೆ: 36.4, 37.2, 38.6, 40.2, 42.1 ಹೀಗೆ. ಒಂದೊಂದರಲ್ಲೂ ಪೂರ್ತಿ ಒಂದು ದಿನ ಬಿಟ್ಟು ನೋಡಿ. ಬೆಳಗ್ಗೆ ಹತ್ತಕ್ಕೂ ಸಂಜೆ ಆರಕ್ಕೂ ಆಕಾಶದಲ್ಲಿರುವ ವಿಮಾನಗಳ ಸಂಖ್ಯೆಯೇ ಬೇರೆ, ಹಾಗಾಗಿ ಅರ್ಧ ಗಂಟೆಯ ಹೋಲಿಕೆ ಪ್ರಯೋಜನವಿಲ್ಲ.

ಎಂಎಲ್‌ಎಟಿ ಏನಾಯಿತು?

ಮಹಡಿ_ಆಂಟೆನಾ

ಇನ್ನೂ ಇಲ್ಲ. ಬೇರೆ ರಿಸೀವರ್‌ಗಳ ಜೊತೆ ಗಡಿಯಾರ ಹೊಂದುತ್ತಿಲ್ಲ ಎಂಬಂಥ ಸಂದೇಶ ಬರುತ್ತಿದೆ. ಟೈಮ್ ಸರಿಯಾಗಿಯೇ ಇದೆ.

ಗಗನಕಿವಿ

ಗೋಡೆ ಗಡಿಯಾರದ ಸಮಯಕ್ಕಿಂತ ಜಾಗ ಮುಖ್ಯ ಸರ್. ಹೊಸ ಇನ್‌ಸ್ಟಾಲ್‌ನಲ್ಲಿ ಅಕ್ಷಾಂಶ, ರೇಖಾಂಶ ಎಷ್ಟು ದಶಾಂಶ ಸ್ಥಾನದವರೆಗೆ ಹಾಕಿದ್ದೀರಿ? ಅಂಕಿ ಬೇಡ, ಎಷ್ಟು ಸ್ಥಾನ ಅಷ್ಟು ಹೇಳಿ.

ಮಹಡಿ_ಆಂಟೆನಾ

ಎರಡು. ಮನೆಯ ಜಾಗ ನಿಖರವಾಗಿ ಕೊಡುವುದು ಬೇಡ ಎಂದು.

ಗಗನಕಿವಿ

ಕಾರಣ ಅದೇ. 0.01 ಡಿಗ್ರಿ ಅಕ್ಷಾಂಶ ಎಂದರೆ ನೆಲದ ಮೇಲೆ ಸುಮಾರು 1.1 ಕಿ.ಮೀ. ಎಂಎಲ್‌ಎಟಿ ಕೆಲಸ ಮಾಡುವುದೇ ಒಂದು ಸಂದೇಶ ಬೇರೆ ಬೇರೆ ರಿಸೀವರ್‌ಗಳಿಗೆ ಮುಟ್ಟಿದ ಸಮಯದ ವ್ಯತ್ಯಾಸದಿಂದ. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. ನೀವು ಅರ್ಧ ಕಿಲೋಮೀಟರ್ ಆಚೆ ಇದ್ದೇನೆ ಎಂದು ಹೇಳಿದರೆ ಎರಡು ಮೈಕ್ರೋಸೆಕೆಂಡಿನಷ್ಟು ಸುಳ್ಳು ಹೇಳಿದಂತೆ. ಉಳಿದವರ ಜೊತೆ ಲೆಕ್ಕ ಕೂಡುವುದೇ ಇಲ್ಲ, ಸರ್ವರ್ ನಿಮ್ಮನ್ನು ಪಕ್ಕಕ್ಕೆ ಇಡುತ್ತದೆ. ಐದು ಸ್ಥಾನ ಕೊಡಿ, ಆಂಟೆನಾದ ಎತ್ತರವನ್ನೂ ಸರಿಯಾಗಿ ತುಂಬಿ. ಎಲ್ಲರಿಗೂ ಕಾಣುವ ಪುಟದಲ್ಲಿ ಜಾಗ ಮಸುಕಾಗಿ ತೋರಿಸುವ ಆಯ್ಕೆ ಬೇರೆಯೇ ಇರುತ್ತದೆ, ಗುಟ್ಟು ಕಾಪಾಡಲು ಅದನ್ನು ಬಳಸಿ.

ಹೊಸಬ_1090

ವೈಫೈ ಸೇರಿತು, ಧನ್ಯವಾದ ಮೇಡಂ. ಅಪ್‌ಗ್ರೇಡ್ ಮಾಡುವಾಗ ಮಧ್ಯದಲ್ಲಿ ನಿಂತು, ಕಾನ್ಫಿಗರೇಶನ್ ಕಡತ ಬದಲಾಗಿದೆ, ವೈ ಅಥವಾ ಎನ್ ಒತ್ತಿ ಎಂದು ಕೇಳುತ್ತದಲ್ಲಾ, ಯಾವುದು ಒತ್ತಬೇಕು?

ಟರ್ಮಿನಲ್_ಗೆಳತಿ

ಮೊದಲು ಡಿ ಒತ್ತಿ. ನಿಮ್ಮ ಕಡತಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ತೋರಿಸುತ್ತದೆ. ನೀವು ಗೇನ್, ಸೀರಿಯಲ್ ನಂಬರ್ ಇಷ್ಟನ್ನೇ ಬದಲಿಸಿದ್ದರೆ ಎನ್ ಕೊಟ್ಟು ನಿಮ್ಮದನ್ನೇ ಉಳಿಸಿಕೊಳ್ಳಿ. ಕಡತದ ರೂಪವೇ ಪೂರ್ತಿ ಬದಲಾಗಿದ್ದರೆ ವೈ ಕೊಟ್ಟು, ಆಮೇಲೆ ನಿಮ್ಮ ಅಂಕಿಗಳನ್ನು ಹೊಸದರಲ್ಲಿ ತುಂಬಿ. ಯಾವುದು ಒತ್ತಿದರೂ ಇನ್ನೊಂದು ಕಳೆದುಹೋಗುವುದಿಲ್ಲ. ವೈ ಒತ್ತಿದರೆ ನಿಮ್ಮ ಹಳೆಯದು ಡಿಪಿಕೆಜಿ-ಓಲ್ಡ್ ಎಂಬ ಬಾಲ ಹಚ್ಚಿಕೊಂಡು ಪಕ್ಕದಲ್ಲೇ ಇರುತ್ತದೆ. ಎನ್ ಒತ್ತಿದರೆ ಹೊಸದು ಡಿಪಿಕೆಜಿ-ಡಿಸ್ಟ್ ಎಂದು ಇರುತ್ತದೆ.

ಮಹಡಿ_ಆಂಟೆನಾ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಗೇನ್ 38.6ಕ್ಕೆ ತಂದೆ, ಜೋರಾದ ಸಂದೇಶ ಶೇಕಡಾ 4. ನಿನ್ನೆ ಸಂಜೆ 1,150 ಸಂದೇಶ, 395 ಕಿ.ಮೀ. ಎಂಎಲ್‌ಎಟಿ ಐದು ಸ್ಥಾನ ಕೊಟ್ಟ ಹತ್ತು ನಿಮಿಷಕ್ಕೆ ಸೇರಿಕೊಂಡಿತು. ಬೇಕೆಂದೇ ಎರಡು ಸಲ ಪವರ್ ತೆಗೆದು ಹಾಕಿದೆ, ಬಯಾಸ್ ಟೀ ತಾನೇ ಆನ್ ಆಗುತ್ತಿದೆ. ಓವರ್‌ರೈಡ್ ಕಡತದಲ್ಲಿ ಆ ಸಾಲು ಯಾಕಿದೆ ಎಂದು ಕನ್ನಡದಲ್ಲೇ ಎರಡು ಸಾಲು ಬರೆದಿಟ್ಟಿದ್ದೇನೆ.

ಒಂದೇ ಒಂದು ಉಳಿದಿದೆ. ಹಳೆ ಗ್ರಾಫ್‌ಗಳ ಅಂಕಿಗಳಿರುವ ಆರ್‌ಆರ್‌ಡಿ ಕಡತಗಳನ್ನು ಹೊಸ ಕಾರ್ಡಿಗೆ ಕಾಪಿ ಮಾಡಿದೆ, ತೆರೆಯುತ್ತಿಲ್ಲ.

ಟರ್ಮಿನಲ್_ಗೆಳತಿ

ನೀವು 32 ಬಿಟ್‌ನಿಂದ 64ಕ್ಕೆ ಬಂದಿದ್ದೀರಿ. ಆರ್‌ಆರ್‌ಡಿ ಕಡತಗಳು ಎರಡರಲ್ಲೂ ಒಂದೇ ರೀತಿ ಇರುವುದಿಲ್ಲ, ನೇರ ಕಾಪಿ ಆಗುವುದಿಲ್ಲ. ಹಳೆ ಕಾರ್ಡಿನಿಂದಲೇ ಪೈ ಬೂಟ್ ಮಾಡಿ. ಗುರುತು ಒಂದೇ ಇದ್ದರೂ ಹೊಸ ಕಾರ್ಡ್ ಹೊರಗಿರುವುದರಿಂದ ತೊಂದರೆ ಇಲ್ಲ. ಆರ್‌ಆರ್‌ಡಿ ಟೂಲ್‌ನ ಡಂಪ್ ಆಜ್ಞೆಯಿಂದ ಎಲ್ಲವನ್ನೂ ಎಕ್ಸ್‌ಎಂಎಲ್ ಮಾಡಿಕೊಳ್ಳಿ. ಹೊಸದಕ್ಕೆ ಬಂದು, ಗ್ರಾಫಿಗೆ ಅಂಕಿ ಸೇರಿಸುವ ಕಲೆಕ್ಟ್‌ಡಿ ನಿಲ್ಲಿಸಿ, ರಿಸ್ಟೋರ್ ಕೊಡಿ. ಈ ಮೂರು ದಿನದ ಗ್ರಾಫ್ ಹೋಗುತ್ತದೆ, ಐದು ವರ್ಷದ್ದು ಬರುತ್ತದೆ.

ಹಳೇಪೈ

ಇದನ್ನೆಲ್ಲ ಓದಿ ನಾನೂ ನನ್ನ ಆರ್‌ಸಿ ಲೋಕಲ್ ತೆರೆದು ನೋಡಿದೆ. ಬಯಾಸ್ ಟೀ ಇಲ್ಲ. ಆದರೆ ನನ್ನಲ್ಲಿ ಎರಡು ಡಾಂಗಲ್ ಇವೆ, ಒಂದು ವಿಮಾನಕ್ಕೆ, ಇನ್ನೊಂದು ಹವಾಮಾನ ಬಲೂನುಗಳಿಗೆ. ಎರಡನ್ನೂ 0, 1 ಎಂಬ ಕ್ರಮಸಂಖ್ಯೆಯಲ್ಲೇ ಗುರುತಿಸಿದ್ದೇನೆ. ಹೊಸ ಕಾರ್ಡಿನಲ್ಲಿ ಅದಲುಬದಲಾದರೆ?

ರೇಡಿಯೋ_ರಾಗ

ಆಗಬಹುದು. ಅಪ್‌ಗ್ರೇಡ್‌ಗೆ ಮುಂಚೆಯೇ ಆರ್‌ಟಿಎಲ್ ಈಪ್ರಾಮ್ ಎಂಬ ಆಜ್ಞೆಯಿಂದ ಎರಡಕ್ಕೂ ಬೇರೆ ಬೇರೆ ಸೀರಿಯಲ್ ಬರೆಯಿರಿ. ವಿಮಾನದ್ದಕ್ಕೆ 00001090 ಕೊಡಿ, ನೆನಪಿಡಲು ಸುಲಭ. ಬರೆಯುವಾಗ ಒಂದು ಡಾಂಗಲ್ ಮಾತ್ರ ಚುಚ್ಚಿರಲಿ. ಆಮೇಲೆ ಕಿತ್ತು ಮತ್ತೆ ಹಾಕಿ. ಈ ಸಂಖ್ಯೆ ಡಾಂಗಲ್ ಒಳಗೇ ಉಳಿಯುತ್ತದೆ, ಕಾರ್ಡ್ ಬದಲಾದರೂ ಹೋಗುವುದಿಲ್ಲ.

ಹಳೇಪೈ

ಬರೆದೆ, ಎರಡೂ ಸರಿಯಾಗಿ ಕಾಣುತ್ತಿವೆ. ಫೀಡರ್ ಐಡಿ, ಗೇನ್, ಜಾಗದ ಅಂಕಿ ಒಂದು ಹಾಳೆಯಲ್ಲಿ ಬರೆದುಕೊಂಡೆ. ಇವತ್ತಿನ ಗ್ರಾಫಿನ ಚಿತ್ರವನ್ನೂ ಇಟ್ಟುಕೊಂಡಿದ್ದೇನೆ. ಭಾನುವಾರ ಹೊಸ ಕಾರ್ಡ್ ಹಾಕುತ್ತೇನೆ. ಮಹಡಿ ಅವರೇ, ಅವತ್ತು ನೀವು ಸ್ವಲ್ಪ ಈ ಕಡೆ ಬನ್ನಿ.